ಕ್ಯೂಆರ್ ಬೋರ್ಡ್ ಇಳಿಸಿದರೆ ಮಗನ ಮನೆಗೆ ಸಾಲ ಸಿಗುವುದೇ?

ರೋಣ, ನರಗುಂದ, ಗಜೇಂದ್ರಗಡದ ವ್ಯಾಪಾರಿ ಕುಟುಂಬಗಳು ಮೊದಲ ಮನೆಗೆ ಮುನ್ನ ಹಾಕಬೇಕಾದ ಲೆಕ್ಕ

2025ರ ಜುಲೈ ತಿಂಗಳಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮೂಲಕ ಜಮೆಯಾದ ಹಣವನ್ನು ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂ. ನೋಟಿಸ್ ಬಂದ ಸುದ್ದಿ ಎಲ್ಲ ಪೇಟೆಗಳಲ್ಲೂ ಓಡಾಡಿತು. ಬೇಕರಿ, ಚಹಾದಂಗಡಿ, ಕಿರಾಣಿ ಅಂಗಡಿಗಳ ಮುಂದೆ ಅಂಟಿಸಿದ್ದ ಕ್ಯೂಆರ್ ಬೋರ್ಡುಗಳು ಇಳಿದವು. 'ನಗದು ಮಾತ್ರ' ಎಂಬ ಚೀಟಿ ಬಂತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿ ಸಂಘಗಳ ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಬೇಕಾದವರು ಇನ್ನು ಮುಂದೆ ಮಾಡಿಸಲೇಬೇಕು ಎಂದರು. ಜುಲೈ 25ಕ್ಕೆ ಕರೆದಿದ್ದ ಬಂದ್ ನಿಂತಿತು. ಅಲ್ಲಿಗೆ ಗಲಾಟೆ ಮುಗಿಯಿತು, ಭಯ ಮಾತ್ರ ಉಳಿಯಿತು.

ತೆರಿಗೆಯ ಹೆಸರಿನ ಭಯ ಈ ಭಾಗಕ್ಕೆ ಹೊಸದಲ್ಲ. ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಹೇರಿದ ಅಭಿವೃದ್ಧಿ ಕರದ ವಿರುದ್ಧ 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ನಡೆದ ಹೋರಾಟ ಮತ್ತು ಗೋಲಿಬಾರನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಅಂದು ರೈತರು ಬೀದಿಗಿಳಿದು ಕೇಳಿದ್ದರು, ಸರಕಾರ ಉತ್ತರ ಕೊಡಬೇಕಾಯಿತು. ಕ್ಯೂಆರ್ ಬೋರ್ಡ್ ಇಳಿಸಿ ಸುಮ್ಮನೆ ನಗದಿಗೆ ಮರಳಿದ ಅಂಗಡಿಯವರು ಮಾತ್ರ ಯಾರಿಗೂ ಏನನ್ನೂ ಕೇಳಲಿಲ್ಲ. ಅದರ ನಷ್ಟವನ್ನು ಮುಂದೆ ಅವರ ಮಕ್ಕಳೇ ಹೊರಬೇಕಾಗುತ್ತದೆ. ಆ ನಷ್ಟ ಕಾಣಿಸಿಕೊಳ್ಳುವುದು ಮೊದಲ ಮನೆ ಕೊಳ್ಳಲು ಬ್ಯಾಂಕಿನ ಬಾಗಿಲಿಗೆ ಹೋದ ದಿನ.

ಈ ಮೂರೂ ತಾಲ್ಲೂಕುಗಳಲ್ಲಿ ಸಮಾಜದ ಬಹುಪಾಲು ಮನೆಗಳು ಅಂಗಡಿಯನ್ನೇ ನಂಬಿದವು. ಬಟ್ಟೆ, ಕಿರಾಣಿ, ಪಾತ್ರೆ, ಕಾಳುಕಡಿ, ದಲಾಲಿ ಅಂಗಡಿ. ದುಡಿಮೆಗೆ ಕೊರತೆ ಇಲ್ಲ. ಆ ದುಡಿಮೆಗೆ ಕಾಗದ ಇಲ್ಲ ಎಂಬುದೇ ಕೊರತೆ.

12 ಲಕ್ಷದ ಗೆರೆ

ಹಿಂದಿನ ತಲೆಮಾರು ಆದಾಯವನ್ನು ಕಡಿಮೆ ತೋರಿಸುತ್ತಿದ್ದುದಕ್ಕೆ ಒಂದು ಕಾರಣವಿತ್ತು. ತೋರಿಸಿದಷ್ಟಕ್ಕೂ ತೆರಿಗೆ ಕಟ್ಟಬೇಕಿತ್ತು. ಆ ಕಾರಣ ಈಗ ಬಹುಪಾಲು ಕುಟುಂಬಗಳಿಗೆ ಉಳಿದಿಲ್ಲ.

2025ರ ಕೇಂದ್ರ ಬಜೆಟ್ ಪ್ರಕಾರ, 2025-26ನೇ ಹಣಕಾಸು ವರ್ಷದಿಂದ ಹೊಸ ಪದ್ಧತಿಯಲ್ಲಿ 12 ಲಕ್ಷ ರೂ.ವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ. ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ಅದರ ಮೇಲಿನದಕ್ಕೆ ಲೆಕ್ಕ ಹಾಕಿದ ತೆರಿಗೆ 60,000 ರೂ. ಮೀರದಿದ್ದರೆ 87ಎ ರಿಯಾಯಿತಿ ಅದನ್ನು ಪೂರ್ತಿ ಅಳಿಸುತ್ತದೆ. ಸಂಬಳದಾರರಿಗೆ 75,000 ರೂ. ಪ್ರಮಾಣಿತ ಕಡಿತ ಸೇರಿ ಈ ಗೆರೆ 12.75 ಲಕ್ಷ. ಆದರೆ ರಿಟರ್ನ್ ಸಲ್ಲಿಸಲೇಬೇಕು. 'ತೆರಿಗೆ ಇಲ್ಲ' ಎಂದರೆ 'ರಿಟರ್ನ್ ಬೇಡ' ಎಂದು ತಿಳಿಯುವುದೇ ಮೊದಲ ತಪ್ಪು.

ಗಜೇಂದ್ರಗಡದ ಒಂದು ಬಟ್ಟೆ ಅಂಗಡಿಯ ಲೆಕ್ಕವನ್ನು ಉದಾಹರಣೆಗೆ ಊಹಿಸಿಕೊಳ್ಳಬಹುದು. ವರ್ಷದ ವಹಿವಾಟು 70 ಲಕ್ಷ. ಅದರಲ್ಲಿ 50 ಲಕ್ಷ ಯುಪಿಐ ಮತ್ತು ಬ್ಯಾಂಕಿನ ಮೂಲಕ, 20 ಲಕ್ಷ ನಗದು. 44ಎಡಿ ಅಂದಾಜು ಯೋಜನೆಯಲ್ಲಿ ಬ್ಯಾಂಕಿನ ಮೂಲಕ ಬಂದದ್ದರ ಮೇಲೆ ಶೇ. 6, ನಗದಿನ ಮೇಲೆ ಶೇ. 8 ಲಾಭವೆಂದು ಲೆಕ್ಕ. ಅಂದರೆ 3 ಲಕ್ಷ ಮತ್ತು 1.60 ಲಕ್ಷ, ಒಟ್ಟು 4.60 ಲಕ್ಷ. ಬಹುತೇಕರು ಇಷ್ಟೇ ತೋರಿಸಿ ಕೈತೊಳೆದುಕೊಳ್ಳುತ್ತಾರೆ. ಆದರೆ ಇದು ಕನಿಷ್ಠ ಮಿತಿ. ನಿಜವಾದ ಲಾಭ 8 ಲಕ್ಷ ಇದ್ದರೆ 8 ಲಕ್ಷವನ್ನೇ ತೋರಿಸಬೇಕು. ಹೊಸ ಪದ್ಧತಿಯಲ್ಲಿ 8 ಲಕ್ಷಕ್ಕೂ ತೆರಿಗೆ ಸೊನ್ನೆ. 4.60 ಲಕ್ಷ ತೋರಿಸಿದವರಿಗೆ ತೆರಿಗೆಯಲ್ಲಿ ಒಂದು ರೂಪಾಯಿಯೂ ಉಳಿಯಲಿಲ್ಲ. ಬ್ಯಾಂಕಿನ ಕಣ್ಣಿನಲ್ಲಿ ಮಾತ್ರ ಅವರ ಯೋಗ್ಯತೆ ಅರ್ಧದ ಹತ್ತಿರಕ್ಕೆ ಇಳಿಯಿತು.

ಜಿಎಸ್‌ಟಿಯ ಮಾತು ಬೇರೆ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ಮೀರಿದರೆ ನೋಂದಣಿ ಕಡ್ಡಾಯ. ಸೇವೆಗೆ 20 ಲಕ್ಷ. 1.5 ಕೋಟಿವರೆಗಿನ ಸರಕಿನ ವ್ಯಾಪಾರಿ ಕಾಂಪೊಸಿಷನ್ ಯೋಜನೆ ಸೇರಿದರೆ ವಹಿವಾಟಿನ ಶೇ. 1 ಕಟ್ಟಿದರೆ ಸಾಕು. ಆದರೆ ಗಿರಾಕಿಯಿಂದ ತೆರಿಗೆ ಪಡೆಯುವಂತಿಲ್ಲ. ಬಿಡಿಯಾಗಿ ಮಾರುವ ಕಾಳು, ಜೋಳ, ತರಕಾರಿಯಂತಹ ತೆರಿಗೆ ಇಲ್ಲದ ಸರಕನ್ನಷ್ಟೇ ಮಾರುವವರಿಗೆ ವಹಿವಾಟು ಎಷ್ಟಿದ್ದರೂ ನೋಂದಣಿ ಬೇಕಿಲ್ಲ. ಆದರೆ ತಾನು ಮಾರಿದ್ದು ಏನು ಎಂದು ತೋರಿಸಲು ಕೀರ್ದಿ-ಖತಾವಣಿ ಇರಬೇಕು. ಜುಲೈ ನೋಟಿಸುಗಳಲ್ಲಿ ಹೆಚ್ಚು ಒದ್ದಾಡಿದವರು ತೋರಿಸಲು ಪುಸ್ತಕವೇ ಇಲ್ಲದವರು.

ಕ್ಯೂಆರ್ ಬೋರ್ಡ್ ಇಳಿಸಿದರೆ ಯಾರಿಗೂ ಕಾಣುವುದಿಲ್ಲ ಎಂಬುದೂ ಭ್ರಮೆ. ಒಂದು ವರ್ಷದಲ್ಲಿ ಉಳಿತಾಯ ಖಾತೆಗೆ 10 ಲಕ್ಷ, ಚಾಲ್ತಿ ಖಾತೆಗೆ 50 ಲಕ್ಷ ನಗದು ತುಂಬಿದರೆ ಬ್ಯಾಂಕೇ ಆದಾಯ ತೆರಿಗೆ ಇಲಾಖೆಗೆ ವರದಿ ಮಾಡುತ್ತದೆ. 1961ರ ಕಾಯ್ದೆಯ ಪ್ರಕಾರ ಮೂರು ವರ್ಷ ರಿಟರ್ನ್ ಸಲ್ಲಿಸದವರು ವರ್ಷಕ್ಕೆ 20 ಲಕ್ಷಕ್ಕಿಂತ ಹೆಚ್ಚು ನಗದು ತೆಗೆದರೆ ಅಲ್ಲಿಯೇ ತೆರಿಗೆ ಕಡಿತವಾಗುತ್ತದೆ.

ಟಿಡಿಎಸ್ ಎಂದರೆ ಹೋದ ಹಣವಲ್ಲ

ಮೂಲದಲ್ಲೇ ಕಡಿತವಾಗುವ ತೆರಿಗೆಯನ್ನು, ಅಂದರೆ ಟಿಡಿಎಸ್ ಅನ್ನು, ಅನೇಕರು ದಂಡದಂತೆ ನೋಡುತ್ತಾರೆ. ಅದು ಪಾವತಿ ಮಾಡುವವರು ನಿಮ್ಮ ಪ್ಯಾನ್ ಮೇಲೆ ಮುಂಗಡವಾಗಿ ಕಟ್ಟಿದ ತೆರಿಗೆ. ವರ್ಷದ ಕೊನೆಗೆ ನಿಮ್ಮ ತೆರಿಗೆ ಸೊನ್ನೆಯಾದರೆ ಆ ಹಣ ಪೂರ್ತಿ ಮರಳಿ ಬರುತ್ತದೆ, ರಿಟರ್ನ್ ಸಲ್ಲಿಸಿದರೆ ಮಾತ್ರ.

ಬ್ಯಾಂಕ್ ಠೇವಣಿಯ ಬಡ್ಡಿಗೆ 2025ರ ಏಪ್ರಿಲ್ 1ರಿಂದ ಮಿತಿ ಏರಿದೆ. ಒಂದು ಬ್ಯಾಂಕಿನಲ್ಲಿ ವರ್ಷದ ಬಡ್ಡಿ 50,000 ರೂ. ಮೀರಿದರೆ, 60 ದಾಟಿದವರಿಗೆ 1 ಲಕ್ಷ ಮೀರಿದರೆ, ಶೇ. 10 ಕಡಿತ. ಪ್ಯಾನ್ ಕೊಡದಿದ್ದರೆ ಶೇ. 20. ತೆರಿಗೆ ಬೀಳದ ಹಿರಿಯರು ವರ್ಷದ ಆರಂಭದಲ್ಲೇ 15ಎಚ್ ಕೊಡಬಹುದು. 60ಕ್ಕಿಂತ ಕಿರಿಯರಿಗೆ 15ಜಿ ಇದೆ, ಅದರ ಷರತ್ತು ಬಿಗಿ. ದಲಾಲಿ ಮೇಲಿನ ಟಿಡಿಎಸ್ 2024ರ ಅಕ್ಟೋಬರ್ 1ರಿಂದ ಶೇ. 5ರಿಂದ ಶೇ. 2ಕ್ಕೆ ಇಳಿದಿದೆ. ಅಂಗಡಿ, ಗೋದಾಮು ಬಾಡಿಗೆಯ ಮಿತಿ ವರ್ಷಕ್ಕೆ 2.40 ಲಕ್ಷ ಇದ್ದದ್ದು ತಿಂಗಳಿಗೆ 50,000 ರೂ. ಆಗಿದೆ.

ಕಡಿತವಾದ ಪ್ರತಿ ರೂಪಾಯಿ ಆದಾಯ ತೆರಿಗೆ ತಾಣದ 26ಎಎಸ್ ಮತ್ತು ಎಐಎಸ್ ಪಟ್ಟಿಯಲ್ಲಿ ಕಾಣಿಸುತ್ತದೆ. ಮನೆ ಸಾಲಕ್ಕೆ ಬಂದವರ ಬಳಿ ಬ್ಯಾಂಕಿನವರು ರಿಟರ್ನ್ ಜತೆಗೆ ಕೇಳುವುದು ಇದನ್ನೇ. 'ನನಗೆ ಇಷ್ಟು ಬರುತ್ತದೆ' ಎಂದು ತಾನೇ ಹೇಳುವುದಕ್ಕಿಂತ, 'ಇವರಿಗೆ ಇಷ್ಟು ಕೊಟ್ಟಿದ್ದೇವೆ' ಎಂದು ಇನ್ನೊಬ್ಬರು ಸರಕಾರಕ್ಕೆ ಬರೆದುಕೊಟ್ಟ ಸಾಕ್ಷಿಗೆ ಬೆಲೆ ಹೆಚ್ಚು.

ಹುಬ್ಬಳ್ಳಿ, ಬೆಂಗಳೂರು, ಪುಣೆಗಳಲ್ಲಿ ನೌಕರಿಯಲ್ಲಿರುವ ಮಕ್ಕಳಿಗೆ ಒಂದು ಎಚ್ಚರಿಕೆ. ವರ್ಷದ ನಡುವೆ ನೌಕರಿ ಬದಲಿಸಿದರೆ ಹಳೆಯ ಕಂಪನಿಯ ಸಂಬಳದ ವಿವರವನ್ನು ಹೊಸ ಕಂಪನಿಗೆ ಕೊಡಬೇಕು. ಕೊಡದಿದ್ದರೆ ಇಬ್ಬರೂ ತೆರಿಗೆ ಇಲ್ಲದ ಮಿತಿಯನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತಾರೆ. ಕಡಿತ ಕಡಿಮೆಯಾಗಿ ರಿಟರ್ನ್ ಸಮಯದಲ್ಲಿ ದೊಡ್ಡ ಮೊತ್ತ ಒಮ್ಮೆಲೇ ಕಟ್ಟಬೇಕಾಗುತ್ತದೆ.

2026ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾಯ್ದೆ 2025 ಜಾರಿ. 1961ರ ಕಾಯ್ದೆಯ ಕಲಂ ಸಂಖ್ಯೆಗಳು ಬದಲಾಗಿ, ಸಂಬಳ ಬಿಟ್ಟು ಉಳಿದ ಟಿಡಿಎಸ್ ನಿಯಮಗಳು ಬಹುಪಾಲು 393ನೇ ಕಲಂ ಒಂದರಲ್ಲೇ ಸೇರುತ್ತವೆ. 'ಹಿಂದಿನ ವರ್ಷ', 'ಕರ ನಿರ್ಧಾರಣಾ ವರ್ಷ' ಎಂಬ ಎರಡು ಹೆಸರುಗಳ ಬದಲು 'ತೆರಿಗೆ ವರ್ಷ' ಎಂಬ ಒಂದೇ ಹೆಸರು. ಇಲ್ಲಿ ಹೇಳಿದ ಕಲಂಗಳು, ನಮೂನೆಗಳು ಹಳೆಯ ಸಂಖ್ಯೆಯವು.

ಅಂಗಡಿ ತಂದೆಯ ಹೆಸರಿನಲ್ಲಿ, ಸಾಲ ಬೇಕಾದದ್ದು ಮಗನಿಗೆ

ಕೂಡು ಕುಟುಂಬದ ಅಂಗಡಿಯಲ್ಲಿ ತಂದೆ ಗಲ್ಲೆಯ ಮೇಲೆ, ಇಬ್ಬರು ಮಕ್ಕಳು ಗಿರಾಕಿಗಳ ಮುಂದೆ. ಪರವಾನಗಿ, ಬ್ಯಾಂಕ್ ಖಾತೆ, ರಿಟರ್ನ್ ಎಲ್ಲ ತಂದೆಯದು. 32 ವರ್ಷದ ಮಗ ಹತ್ತು ವರ್ಷದಿಂದ ದುಡಿಯುತ್ತಿದ್ದರೂ ಕಾಗದದ ಮೇಲೆ ನಿರುದ್ಯೋಗಿ.

ಇದರ ಬೆಲೆ ಎಷ್ಟು ಎಂಬುದನ್ನು ಲೆಕ್ಕದಲ್ಲೇ ನೋಡಬಹುದು. ವರ್ಷಕ್ಕೆ 4.60 ಲಕ್ಷ ಆದಾಯದಲ್ಲಿ ತಿಂಗಳಿಗೆ ಸುಮಾರು 19,000 ರೂ. ಕಂತು ಕಟ್ಟಬಹುದು ಎಂದು ಬ್ಯಾಂಕ್ ಒಪ್ಪಿತು ಎಂದಿಟ್ಟುಕೊಂಡರೆ, ತಂದೆಗೆ 62 ವರ್ಷ ಆಗಿರುವುದರಿಂದ ಸಾಲವನ್ನು 70ರ ಆಸುಪಾಸಿಗೆ ಮುಗಿಸಬೇಕು. ಶೇ. 8 ಬಡ್ಡಿಯಲ್ಲಿ 8 ವರ್ಷಕ್ಕೆ ಆ ಕಂತಿಗೆ ಸಿಗುವ ಸಾಲ ಸುಮಾರು 13.4 ಲಕ್ಷ. ಅದೇ ಆದಾಯ ಮಗನ ಹೆಸರಿನಲ್ಲಿದ್ದರೆ 20 ವರ್ಷದ ಅವಧಿಗೆ ಸುಮಾರು 22.7 ಲಕ್ಷ. ಅಂಗಡಿಯೂ ಅದೇ, ದುಡಿಮೆಯೂ ಅದೇ. ಕಾಗದದಲ್ಲಿ ಹೆಸರು ಯಾರದು ಎಂಬುದರಿಂದ 9 ಲಕ್ಷದ ಅಂತರ.

ದಾರಿಗಳು ಮೂರು.

ಒಂದು, ತಂದೆ-ಮಗ ಜಂಟಿಯಾಗಿ ಅರ್ಜಿ ಹಾಕುವುದು. ಇದು ಎಲ್ಲಕ್ಕಿಂತ ಸರಳ. ಆದರೆ ಮಗನದ್ದೂ ಸ್ವಲ್ಪ ಆದಾಯ ದಾಖಲೆಯಲ್ಲಿ ಇರಬೇಕು. ಮನೆಯ ಹೆಣ್ಣುಮಕ್ಕಳು ಹೊಲಿಗೆ, ಟ್ಯೂಷನ್, ಹಪ್ಪಳ-ಸಂಡಿಗೆ ಮಾರಾಟದಿಂದ ಗಳಿಸುತ್ತಿದ್ದರೆ ಅವರ ಹೆಸರಿನಲ್ಲೂ ರಿಟರ್ನ್ ಸಲ್ಲಿಸಿದರೆ ಅದೂ ಲೆಕ್ಕಕ್ಕೆ ಬರುತ್ತದೆ.

ಎರಡು, ಮಗನಿಗೆ ಅಂಗಡಿಯಿಂದ ಪ್ರತಿ ತಿಂಗಳು ಬ್ಯಾಂಕ್ ಮೂಲಕ ಸಂಬಳ ಕೊಡುವುದು. ಆ ಸಂಬಳವನ್ನು ಖರ್ಚೆಂದು ತೋರಿಸಲು ಪೂರ್ತಿ ಲೆಕ್ಕದ ಪುಸ್ತಕ ಇಡಬೇಕು, 44ಎಡಿಯಲ್ಲಿ ಅದಕ್ಕೆ ಅವಕಾಶವಿಲ್ಲ. 44ಎಡಿ ಬಿಟ್ಟು ಕಡಿಮೆ ಲಾಭ ತೋರಿಸಿದವರು ಮುಂದಿನ 5 ವರ್ಷ ಅದಕ್ಕೆ ಮರಳುವಂತಿಲ್ಲ ಎಂಬುದು ನೆನಪಿರಲಿ.

ಮೂರು, ಪಾಲುದಾರಿ ಸಂಸ್ಥೆ. ಮಕ್ಕಳು ಪಾಲುದಾರರಾದರೆ ಅವರಿಗೆ ಸಂಭಾವನೆ ಕೊಡಬಹುದು. 2025ರ ಏಪ್ರಿಲ್ 1ರಿಂದ ಹೊಸದಾಗಿ ಬಂದ 194ಟಿ ಪ್ರಕಾರ ಪಾಲುದಾರನಿಗೆ ಕೊಡುವ ಸಂಭಾವನೆ, ಬಡ್ಡಿ, ಕಮಿಷನ್ ವರ್ಷಕ್ಕೆ 20,000 ರೂ. ಮೀರಿದರೆ ಶೇ. 10 ಟಿಡಿಎಸ್ ಕಡಿತ ಮಾಡಬೇಕು. ಇದನ್ನು ಅನೇಕರು ಹೊಸ ಕಿರುಕುಳ ಎಂದರು. ಮಗನ ದೃಷ್ಟಿಯಿಂದ ನೋಡಿದರೆ ಅವನ ದುಡಿಮೆಗೆ ಮೊದಲ ಬಾರಿ ಸರಕಾರಿ ದಾಖಲೆ ಸಿಕ್ಕಿತು. ಅವನ ಒಟ್ಟು ಆದಾಯ 12 ಲಕ್ಷದೊಳಗೆ ಇದ್ದರೆ ಕಡಿತವಾದ ಹಣ ಮರಳುತ್ತದೆ.

ಆದರೆ ಪಾಲುದಾರಿಯೂ ಬಿಟ್ಟಿಯಲ್ಲ. 12 ಲಕ್ಷದ ರಿಯಾಯಿತಿ ವ್ಯಕ್ತಿಗಳಿಗೆ ಮಾತ್ರ, ಸಂಸ್ಥೆಗೆ ಇಲ್ಲ. ಸಂಸ್ಥೆಯಲ್ಲಿ ಉಳಿದ ಲಾಭಕ್ಕೆ ಮೊದಲ ರೂಪಾಯಿಯಿಂದಲೇ ಶೇ. 30 ಮತ್ತು ಸೆಸ್ ಸೇರಿ ಶೇ. 31.2. ಪುಸ್ತಕ ಲಾಭ 8 ಲಕ್ಷ ಇದ್ದರೆ ಕಾನೂನು ಒಪ್ಪುವ ಗರಿಷ್ಠ ಸಂಭಾವನೆ 6.60 ಲಕ್ಷ. ಮೊದಲ 6 ಲಕ್ಷಕ್ಕೆ ಶೇ. 90, ಉಳಿದ 2 ಲಕ್ಷಕ್ಕೆ ಶೇ. 60. ಉಳಿದ 1.40 ಲಕ್ಷದ ಮೇಲೆ 43,680 ರೂ. ತೆರಿಗೆ. ಜತೆಗೆ ಟ್ಯಾನ್ ಸಂಖ್ಯೆ, ಮೂರು ತಿಂಗಳಿಗೊಮ್ಮೆ ಟಿಡಿಎಸ್ ರಿಟರ್ನ್. ತಡವಾದರೆ ದಿನಕ್ಕೆ 200 ರೂ. ಶುಲ್ಕ. ಯಾವ ದಾರಿ ಎಂಬುದನ್ನು ಆಡಿಟರ್ ಜತೆ ಕೂತು ಅಂಕಿಸಂಖ್ಯೆ ಬರೆದು ತೀರ್ಮಾನಿಸಬೇಕು. ಪಕ್ಕದ ಅಂಗಡಿಯವರು ಮಾಡಿದರೆಂದು ಮಾಡುವುದಲ್ಲ.

ಯಾವ ದಾರಿ ಹಿಡಿದರೂ ಬ್ಯಾಂಕ್ ಸಾಮಾನ್ಯವಾಗಿ ಎರಡು-ಮೂರು ವರ್ಷದ ರಿಟರ್ನ್ ಕೇಳುತ್ತದೆ. 2028ರಲ್ಲಿ ಮನೆ ಬೇಕೆಂದರೆ ಲೆಕ್ಕ 2026ರಲ್ಲೇ ಶುರುವಾಗಬೇಕು. ಸಂಚಕಾರ ಕೊಟ್ಟ ಮೇಲೆ ರಿಟರ್ನ್ ಹುಡುಕಿದರೆ ಪ್ರಯೋಜನವಿಲ್ಲ.

ಮುಂಗಡದ ಹಣ ಎಲ್ಲಿಡಬೇಕು, ಎಲ್ಲಿಂದ ತರಬೇಕು

ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 30 ಲಕ್ಷದವರೆಗಿನ ಮನೆ ಸಾಲ ಮನೆಯ ಬೆಲೆಯ ಶೇ. 90 ಮೀರುವಂತಿಲ್ಲ. 30ರಿಂದ 75 ಲಕ್ಷದವರೆಗೆ ಶೇ. 80. ಮುದ್ರಾಂಕ, ನೋಂದಣಿ ಖರ್ಚು ಸಾಮಾನ್ಯವಾಗಿ ಇದರಲ್ಲಿ ಸೇರುವುದಿಲ್ಲ. ಹೀಗಾಗಿ ಬೆಲೆಯ ಕಾಲುಭಾಗದಷ್ಟು ಸ್ವಂತ ಹಣ ಕೈಯಲ್ಲಿದ್ದರೆ ಮಾತ್ರ ನಿಶ್ಚಿಂತೆ.

ಈ ಜಿಲ್ಲೆಗೆ ಸಹಕಾರದ ದೊಡ್ಡ ಹೆಸರಿದೆ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಗದಗ ಸಮೀಪದ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ. ಇಂದಿಗೂ ಪತ್ತಿನ ಸಂಘ, ಸೌಹಾರ್ದಗಳಲ್ಲಿ ಠೇವಣಿ ಇಡುವ ಪದ್ಧತಿ ಬಲವಾಗಿದೆ. ಎರಡು ವಿಷಯ ಮಾತ್ರ ತಿಳಿದಿರಬೇಕು. ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳಲ್ಲಿ ಪ್ರತಿ ಠೇವಣಿದಾರನಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಪತ್ತಿನ ಸಂಘ, ಸೌಹಾರ್ದಗಳಿಗೆ ಈ ವಿಮೆ ಇಲ್ಲ. ಎರಡು ವರ್ಷದಲ್ಲಿ ಮನೆಗೆ ಬೇಕಾದ ಹಣವನ್ನು ಶೇ. 1 ಹೆಚ್ಚು ಬಡ್ಡಿಯ ಆಸೆಗೆ ವಿಮೆ ಇಲ್ಲದ ಕಡೆ ಪೂರ್ತಿ ಇಡುವುದು ಜಾಣತನವಲ್ಲ. ಇನ್ನೊಂದು, ಸಣ್ಣ ಸಂಘಗಳು ಸದಸ್ಯರ ಬಡ್ಡಿಗೆ ಟಿಡಿಎಸ್ ಕಡಿಯುವುದಿಲ್ಲ. ಕಡಿಯಲಿಲ್ಲ ಎಂದರೆ ಆ ಬಡ್ಡಿ ಆದಾಯವಲ್ಲ ಎಂದಲ್ಲ. ರಿಟರ್ನ್‌ನಲ್ಲಿ ತೋರಿಸಬೇಕು.

ಬಂಗಾರದ ಬೆಲೆ 2025ರಲ್ಲಿ 10 ಗ್ರಾಂಗೆ 1 ಲಕ್ಷ ದಾಟಿತು. ಹಳೆಯ ಆಭರಣ ಮಾರಿ ಮನೆ ಕಟ್ಟುವ ಯೋಚನೆ ಅನೇಕರಿಗಿದೆ. ಎರಡು ವರ್ಷಕ್ಕಿಂತ ಹಳೆಯ ಬಂಗಾರದ ಲಾಭಕ್ಕೆ ಶೇ. 12.5 ತೆರಿಗೆ. 12 ಲಕ್ಷದ ರಿಯಾಯಿತಿ ಈ ಲಾಭಕ್ಕೆ ಅನ್ವಯಿಸದು. ಆದರೆ ಮಾರಿ ಬಂದ ಪೂರ್ತಿ ಹಣವನ್ನು ಎರಡು ವರ್ಷದೊಳಗೆ ಮನೆ ಕೊಳ್ಳಲು ಅಥವಾ ಮೂರು ವರ್ಷದೊಳಗೆ ಮನೆ ಕಟ್ಟಲು ಹಾಕಿದರೆ 54ಎಫ್ ಪ್ರಕಾರ ಆ ತೆರಿಗೆ ಬೀಳುವುದಿಲ್ಲ. ಮೊದಲ ಮನೆಯವರಿಗೆ ಇದು ದೊಡ್ಡ ಅನುಕೂಲ. ಮಾರಾಟದ ಬಿಲ್ ಇರಬೇಕು, ಹಣ ಖಾತೆಗೆ ಬಂದಿರಬೇಕು.

ಇನ್ನು ಕೈಗಡ. ತಂದೆ-ತಾಯಿ, ಅಣ್ಣ-ತಮ್ಮ, ಅಕ್ಕ-ತಂಗಿ, ಮಾವ ಕೊಟ್ಟ ಉಡುಗೊರೆ ಹಣಕ್ಕೆ ತೆರಿಗೆ ಇಲ್ಲ, ಎಷ್ಟಿದ್ದರೂ. ಬ್ಯಾಂಕ್ ಮೂಲಕ ಪಡೆದು ಒಂದು ಪತ್ರ ಬರೆಸಿಟ್ಟರೆ ಸಾಕು. ಸಾಲವಾದರೆ 20,000 ರೂ. ಅಥವಾ ಹೆಚ್ಚು ಮೊತ್ತವನ್ನು ನಗದಾಗಿ ಪಡೆಯುವಂತಿಲ್ಲ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಮಾತಿನ ಬೆಲೆ, ಬರೆಯುವ ಬೆಲೆ

'ಮೂವತ್ತು ಲಕ್ಷ ಮಾತು, ಹದಿನೆಂಟು ಲಕ್ಷ ಖರೀದಿ ಪತ್ರ' ಎಂಬ ವ್ಯವಹಾರ ಪೇಟೆಗೆ ಹಳೆಯದು. ಅದು ಈಗ ಎಷ್ಟು ಅಪಾಯ ಎಂಬುದಕ್ಕೆ ಬೆಂಗಳೂರಿನದೇ ಒಂದು ಪ್ರಕರಣ ಉದಾಹರಣೆ. ಆರ್‌ಬಿಎಎನ್‌ಎಂಎಸ್ ಶಿಕ್ಷಣ ಸಂಸ್ಥೆಯ ಸ್ವತ್ತಿನ ಬಗ್ಗೆ, ಒಪ್ಪಂದ ಮಾಡಿಕೊಂಡು 75 ಲಕ್ಷ ರೂ. ನಗದು ಮುಂಗಡ ಕೊಟ್ಟಿದ್ದೇವೆ ಎಂದು ಕೆಲವರು ದಾವೆ ಹೂಡಿದ್ದರು. 2025ರ ಏಪ್ರಿಲ್ 16ರಂದು ಸುಪ್ರೀಂ ಕೋರ್ಟ್ ಆ ದಾವೆಯನ್ನು ತಿರಸ್ಕರಿಸಿತು. ಜತೆಗೆ, 2 ಲಕ್ಷ ಅಥವಾ ಹೆಚ್ಚು ನಗದು ಕೊಟ್ಟದ್ದಾಗಿ ಹೇಳುವ ದಾವೆ ಬಂದರೆ ನ್ಯಾಯಾಲಯಗಳು, ಅಂಥ ದಸ್ತಾವೇಜು ನೋಂದಣಿಗೆ ಬಂದರೆ ಉಪನೋಂದಣಾಧಿಕಾರಿಗಳು ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು ಎಂದು ನಿರ್ದೇಶಿಸಿತು.

ಕೊಳ್ಳುವವರಿಗೆ ಇದರಿಂದ ಆಗುವ ನಷ್ಟ ನಾಲ್ಕು ಬಗೆಯದು. ಬ್ಯಾಂಕ್ ಬರೆದ ಬೆಲೆಗೆ ಮಾತ್ರ ಸಾಲ ಕೊಡುತ್ತದೆ. ಮಾರುವವನು ಮಾತು ಮುರಿದರೆ ನಗದಿಗೆ ಸಾಕ್ಷಿ ಇಲ್ಲ. ಮುಂದೆ ಮನೆ ಮಾರುವಾಗ ಕೊಂಡ ಬೆಲೆ ಕಡಿಮೆ ಇದ್ದು ಲಾಭದ ತೆರಿಗೆ ಹೆಚ್ಚುತ್ತದೆ. ಬರೆದ ಬೆಲೆ ಸರಕಾರದ ಮಾರ್ಗಸೂಚಿ ಬೆಲೆಗಿಂತ ಶೇ. 10ಕ್ಕೂ ಹೆಚ್ಚು ಕಡಿಮೆ ಇದ್ದು, ವ್ಯತ್ಯಾಸ 50,000 ರೂ. ಮೀರಿದರೆ ಆ ವ್ಯತ್ಯಾಸವೇ ಕೊಂಡವರ ಆದಾಯವೆಂದು ಎಣಿಕೆಯಾಗುತ್ತದೆ. ಅಚೌರ್ಯ ಅಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವನ್ನು ಸೇರಿಸಿದ ಹಿರಿಯರಿಗೆ ಪೇಟೆಯ ರೀತಿ ಚೆನ್ನಾಗಿಯೇ ಗೊತ್ತಿತ್ತು.

ನೋಂದಣಿ ಖರ್ಚು ಏರಿದೆ ಎಂಬುದು ನಿಜ. 2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ. 1ರಿಂದ ಶೇ. 2 ಆಯಿತು. ಪಟ್ಟಣದಲ್ಲಿ 30 ಲಕ್ಷದ ಮನೆಗೆ ಮುದ್ರಾಂಕ ಶುಲ್ಕ ಶೇ. 5ರಂತೆ 1.50 ಲಕ್ಷ, ಅದರ ಮೇಲೆ ಸೆಸ್ 15,000, ಸರ್‌ಚಾರ್ಜ್ 3,000, ನೋಂದಣಿ 60,000. ಒಟ್ಟು 2.28 ಲಕ್ಷ. ಮೊದಲಿಗಿಂತ 30,000 ರೂ. ಹೆಚ್ಚು. ಕಡಿಮೆ ಬೆಲೆ ಬರೆಸಿ ಇದನ್ನು ಉಳಿಸಲು ಹೋಗಿ ಸಾಲವನ್ನೇ ಕಳೆದುಕೊಳ್ಳುವುದು ಮಾತ್ರ ತಪ್ಪು ಲೆಕ್ಕ.

ಬೆಲೆ ಅಥವಾ ಮಾರ್ಗಸೂಚಿ ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರೇ ಶೇ. 1 ಟಿಡಿಎಸ್ ಹಿಡಿದು, ತಿಂಗಳು ಮುಗಿದ 30 ದಿನದೊಳಗೆ 26ಕ್ಯೂಬಿ ನಮೂನೆಯಲ್ಲಿ ಕಟ್ಟಬೇಕು. ಮಕ್ಕಳಿಗಾಗಿ ಹುಬ್ಬಳ್ಳಿ, ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳುವವರಿಗೆ ಇದು ಎದುರಾಗುತ್ತದೆ. ಇಬ್ಬರು ಸೇರಿ ಕೊಂಡರೂ ಒಟ್ಟು ಬೆಲೆಯನ್ನೇ ನೋಡುತ್ತಾರೆ.

ಕಾಗದಪತ್ರದಲ್ಲಿ ಮೊದಲು ನೋಡಬೇಕಾದದ್ದು ಉತಾರ. 2024ರ ಅಕ್ಟೋಬರ್‌ನಿಂದ ಪಟ್ಟಣಗಳಲ್ಲಿ ಇ-ಖಾತಾ ಇಲ್ಲದೆ ನೋಂದಣಿ ಇಲ್ಲ. ರೋಣ, ನರಗುಂದ, ಗಜೇಂದ್ರಗಡ ಪುರಸಭೆ ವ್ಯಾಪ್ತಿಯ ಸ್ವತ್ತಿಗೆ ಪುರಸಭೆಯ ಇ-ಖಾತಾ, ಸುತ್ತಲ ಹಳ್ಳಿಗಳಲ್ಲಿ ಪಂಚಾಯಿತಿಯ ಇ-ಸ್ವತ್ತು ಬೇಕು. ಎನ್.ಎ. ಆಗದ, ಬಡಾವಣೆ ಒಪ್ಪಿಗೆ ಇಲ್ಲದ ಪ್ಲಾಟ್ ಅಗ್ಗಕ್ಕೆ ಸಿಗುತ್ತದೆ. ಬಿ-ಖಾತಾ ಸಿಕ್ಕರೂ ಅದರ ಮೇಲೆ ಸಾಲ ಕೊಡಲು ಬ್ಯಾಂಕುಗಳು ಹಿಂಜರಿಯುತ್ತವೆ. ಪೇಟೆಯೊಳಗಿನ ಹಳೆಯ ಮನೆಯಾದರೆ ವಾಟ್ನಿ ಆಗಿದೆಯೇ, ಹೆಣ್ಣುಮಕ್ಕಳ ಸಹಿ ಇದೆಯೇ ಎಂದು ನೋಡಬೇಕು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹುಟ್ಟಿನಿಂದ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆ ಜೈನರಿಗೂ ಅನ್ವಯ.

ಕಂತು, ಸಬ್ಸಿಡಿ ಮತ್ತು ತೆರಿಗೆ ಉಳಿತಾಯದ ಮಾತು

ಸಾಲದ ಕಾಲ ಸದ್ಯಕ್ಕೆ ಅನುಕೂಲವಾಗಿದೆ. ರಿಸರ್ವ್ ಬ್ಯಾಂಕ್ 2025ರಲ್ಲಿ ರೆಪೊ ದರವನ್ನು ಶೇ. 6.50ರಿಂದ 5.25ಕ್ಕೆ ಇಳಿಸಿತು. ಹಳೆಯ ಸಾಲವಿದ್ದವರು ತಮ್ಮ ಬಡ್ಡಿ ಇಳಿದಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಬೇಕು. ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದದ್ದು ಜಾಗ ಕೊಂಡು ಕಟ್ಟಿಸುವವರಿಗೆ ನೆರವು.

20 ಲಕ್ಷ ಸಾಲಕ್ಕೆ ಶೇ. 8ರಂತೆ 20 ವರ್ಷದ ಕಂತು ತಿಂಗಳಿಗೆ 16,729 ರೂ. ಒಟ್ಟು ಬಡ್ಡಿ ಸುಮಾರು 20.15 ಲಕ್ಷ. ಅದೇ ಸಾಲ 15 ವರ್ಷಕ್ಕಾದರೆ ಕಂತು 19,113 ರೂ., ಬಡ್ಡಿ ಸುಮಾರು 14.40 ಲಕ್ಷ. ತಿಂಗಳಿಗೆ 2,400 ರೂ. ಹೆಚ್ಚು ಕಟ್ಟಿದರೆ 5.75 ಲಕ್ಷ ಉಳಿಯುತ್ತದೆ. ಆದರೂ ವ್ಯಾಪಾರಿಗೆ 20 ವರ್ಷದ ಸಾಲವೇ ಒಳ್ಳೆಯದು. ಮಳೆ ಕೈಕೊಟ್ಟ ವರ್ಷ ಉದ್ರಿ ವಸೂಲಾಗುವುದಿಲ್ಲ, ಆಗ ಸಣ್ಣ ಕಂತು ಉಸಿರು ಉಳಿಸುತ್ತದೆ. ಹೆಸರು, ಕಡಲೆ, ಉಳ್ಳಾಗಡ್ಡಿಗೆ ಬೆಲೆ ಬಂದು ಪೇಟೆ ತುಂಬಿದ ವರ್ಷ ಅಸಲಿಗೆ ಹೆಚ್ಚು ಕಟ್ಟಬಹುದು. ಬದಲಾಗುವ ಬಡ್ಡಿಯ ಮನೆ ಸಾಲವನ್ನು ಮೊದಲೇ ತೀರಿಸಿದರೆ ವ್ಯಕ್ತಿಗಳಿಗೆ ದಂಡವಿಲ್ಲ. ಆರು ತಿಂಗಳ ಕಂತಿನಷ್ಟು ಹಣವನ್ನು ಬೇರೆಯಾಗಿ ಇಟ್ಟುಕೊಂಡೇ ಸಾಲಕ್ಕೆ ಸಹಿ ಹಾಕಬೇಕು. ಅಂಗಡಿಯ ಮಾಲಿಗೆ ತೆಗೆದ ಓವರ್‌ಡ್ರಾಫ್ಟ್‌ನಿಂದ ಮನೆಯ ಕಂತು ಕಟ್ಟುವ ದಿನ ಬಂದರೆ ಅಂಗಡಿ, ಮನೆ ಎರಡೂ ಅಲುಗಾಡುತ್ತವೆ.

ಪಟ್ಟಣದಲ್ಲಿ ಮೊದಲ ಮನೆ ಕೊಳ್ಳುವ, ಕುಟುಂಬದ ವಾರ್ಷಿಕ ಆದಾಯ 9 ಲಕ್ಷದೊಳಗಿನವರು ಪ್ರಧಾನಮಂತ್ರಿ ಆವಾಸ್ ಯೋಜನೆ (ನಗರ) 2.0ರ ಬಡ್ಡಿ ಸಹಾಯಧನಕ್ಕೆ ಅರ್ಜಿ ಹಾಕಬಹುದು. ಮನೆಯ ಬೆಲೆ 35 ಲಕ್ಷ, ಸಾಲ 25 ಲಕ್ಷ ಮೀರಬಾರದು. ಮೊದಲ 8 ಲಕ್ಷದ ಮೇಲೆ ಶೇ. 4ರ ಲೆಕ್ಕದಲ್ಲಿ ಗರಿಷ್ಠ 1.80 ಲಕ್ಷ, ಐದು ವಾರ್ಷಿಕ ಕಂತುಗಳಲ್ಲಿ. ದೇಶದಲ್ಲಿ ಎಲ್ಲಿಯೂ ಕುಟುಂಬದ ಹೆಸರಿನಲ್ಲಿ ಪಕ್ಕಾ ಮನೆ ಇರಬಾರದು. ಇಲ್ಲಿಯೂ ಆದಾಯದ ಕಾಗದ ಬೇಕು.

'ತೆರಿಗೆ ಉಳಿಸಲು ಮನೆ ಸಾಲ ಮಾಡಿ' ಎಂಬ ಸಲಹೆಗೆ ಈಗ ಅರ್ಥ ಕಡಿಮೆ. ಸ್ವಂತ ವಾಸದ ಮನೆಯ ಬಡ್ಡಿಗೆ 2 ಲಕ್ಷ, 80ಸಿ ಅಡಿ 1.5 ಲಕ್ಷದ ವಿನಾಯಿತಿ ಹಳೆಯ ಪದ್ಧತಿಯಲ್ಲಿ ಮಾತ್ರ. 12 ಲಕ್ಷದೊಳಗಿನವರಿಗೆ ಹೊಸ ಪದ್ಧತಿಯಲ್ಲಿ ತೆರಿಗೆಯೇ ಇಲ್ಲದಾಗ ಉಳಿಸುವುದು ಏನನ್ನು? ಮನೆ ವಾಸಕ್ಕೆ ಬೇಕು, ಅದಕ್ಕೇ ಕೊಳ್ಳಬೇಕು.

ದೀಪಾವಳಿಯ ಹೊಸ ಪುಸ್ತಕ

ವೀರ ನಿರ್ವಾಣ ಸಂವತ್ಸರ ಆರಂಭವಾಗುವ ದೀಪಾವಳಿಯಲ್ಲಿ ಹೊಸ ಲೆಕ್ಕದ ಪುಸ್ತಕ ಪೂಜಿಸುವ ಪದ್ಧತಿ ಸಮಾಜದ ಪ್ರತಿ ಅಂಗಡಿಯಲ್ಲೂ ಇದೆ. ಎಷ್ಟೋ ಕಡೆ ಮೊದಲ ಪುಟಕ್ಕೆ ಅರಿಶಿನ-ಕುಂಕುಮ ಬಿದ್ದ ಮೇಲೆ ಉಳಿದ ಪುಟಗಳು ಖಾಲಿಯೇ ಉಳಿಯುತ್ತವೆ. ಹಿರಿಯರು ದಿನದ ಕೊನೆಗೆ ಕೀರ್ದಿ ಬರೆಯದೆ ಅಂಗಡಿಯ ಬಾಗಿಲು ಹಾಕುತ್ತಿರಲಿಲ್ಲ. ಆಗ ಸರಕಾರ ಕೇಳುತ್ತಿರಲಿಲ್ಲ, ಬ್ಯಾಂಕ್ ಕೇಳುತ್ತಿರಲಿಲ್ಲ. ತಮ್ಮ ಲೆಕ್ಕ ತಮಗೆ ಗೊತ್ತಿರಬೇಕೆಂದು ಬರೆಯುತ್ತಿದ್ದರು.

ಈ ಮಾರ್ಚ್ 31ರೊಳಗೆ ಪ್ರತಿ ಕುಟುಂಬವೂ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಮನೆಯಲ್ಲಿ ದುಡಿಯುವ ಪ್ರತಿಯೊಬ್ಬರ ಹೆಸರನ್ನು ಒಂದು ಹಾಳೆಯಲ್ಲಿ ಬರೆದು, ಎದುರಿಗೆ ಅವರ ನಿಜವಾದ ಆದಾಯ, ಕಾಗದದಲ್ಲಿರುವ ಆದಾಯ, 26ಎಎಸ್‌ನಲ್ಲಿ ಕಾಣುವ ಟಿಡಿಎಸ್ ಬರೆಯುವುದು. ಎರಡು ಆದಾಯಗಳ ನಡುವಿನ ಅಂತರ ಎಷ್ಟಿದೆಯೋ, ಮಗನ ಮನೆ ಅಷ್ಟು ದೂರದಲ್ಲಿದೆ. ಆ ಹಾಳೆ ಹಿಡಿದು ಆಡಿಟರ್ ಬಳಿ ಹೋಗುವಾಗ ಮಗನನ್ನೂ ಸೊಸೆಯನ್ನೂ ಜತೆಗೆ ಕರೆದೊಯ್ಯಬೇಕು. ಮುಂದೆ ಕಂತು ಕಟ್ಟುವವರು ಅವರೇ.

ಇಳಿಸಿದ ಕ್ಯೂಆರ್ ಬೋರ್ಡನ್ನು ಮತ್ತೆ ಅಂಟಿಸಲು ಹೆಚ್ಚು ಹೊತ್ತು ಬೇಕಿಲ್ಲ.